ಬಾಲದಲ್ಲಿ ಭಾರ

ಆಸ್ಟ್ರಿಯದ ಗ್ಮುಂಡ್ ಎಂಬ ಊರಿನ ಹಳೆಯ ಮರ ಕೊಯ್ಯುವ ಕಾರ್ಖಾನೆಯಲ್ಲಿ 1948ರಲ್ಲಿ ಸಿದ್ಧವಾದ ಮೊತ್ತಮೊದಲ ಪೋರ್ಷೆ 356 ಕಾರಿನ ತೂಕ 585 ಕಿಲೋಗ್ರಾಂ. ಫೋಕ್ಸ್‌ವ್ಯಾಗನ್ನಿನಿಂದ ಪಡೆದ ಎಂಜಿನ್ನಿಗೆ ಇದ್ದುದೋ ಬರಿಯ 35 ಅಶ್ವಶಕ್ತಿ. ಆದರೂ ಗಂಟೆಗೆ 135 ಕಿಲೋಮೀಟರ್ ಓಡುತ್ತಿತ್ತು! ಅಲ್ಯೂಮಿನಿಯಂ ತಗಡಿನ ಮೈ ಹೊಳೆಯ ಗುಂಡುಕಲ್ಲಿನಂತೆ ನುಣುಪು. ಎಂಜಿನ್ನು ಆಸನದ ಬೆನ್ನಿಗೇ, ಹಿಂದಿನ ಅಚ್ಚಿನ ಮುಂದೆ ಕುಳಿತಿದ್ದುದರಿಂದ ತಿರುವುಗಳಲ್ಲಿ ಒಳ್ಳೆಯ ಸಮತೋಲ. ಆದರೆ ಗಂಟುಮೂಟೆಗಳಿಗೆ ಎಡೆಯೆಲ್ಲಿ?

ಮಾರಾಟಕ್ಕೆಂದು ಮಾಡಿದ ಕಾರುಗಳಲ್ಲಿ ಫೆರಿ ಪೋರ್ಷೆ ಎಂಜಿನ್ನನ್ನು ಅಚ್ಚಿನ ಹಿಂದಕ್ಕೆ ತಳ್ಳಿದರು. ಆಸನಗಳ ಹಿಂದೆ ಸಾಮಾನಿಗೆ, ಮಕ್ಕಳು ಮುದುಡಿ ಕೂರುವುದಕ್ಕೆ, ಜಾಗವಾಯಿತು. ಭಾರವೆಲ್ಲ ಬಾಲಕ್ಕೆ ಸೇರಿತು. ವೇಗದ ತಿರುವಿನ ನಡುವೆ ಅಳುಕಿ ಆಕ್ಸಿಲರೇಟರಿನಿಂದ ಕಾಲು ತೆಗೆದವನ ಮೇಲೆ ಆ ಬಾಲ ತಿರುಗಿಬೀಳುತ್ತಿತ್ತು. ಸಂಸಾರವಂದಿಗನ ಅನುಕೂಲಕ್ಕಾಗಿ ತೆತ್ತ ಬೆಲೆ ಸಣ್ಣದಲ್ಲ. ಬಾಲಭಾರದ ಅಂಥದೇ ಕಾರು 1951ರಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ 24 ಗಂಟೆ ಓಡಿ ತನ್ನ ವರ್ಗದಲ್ಲಿ ಗೆದ್ದಿತು.