ಸೊನ್ನೆ ತೋರಿಸಿದ ಮೀಟರು

ಶಿವಮೊಗ್ಗದ ಆ ಮನೆಯಲ್ಲಿ ಕರೆಂಟ್ ಬಿಲ್ಲು ಬಂದ ದಿನ ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದರು. ಅಪ್ಪ ಕನ್ನಡಕ ಏರಿಸಿ, ಹಿಂದಿನ ತಿಂಗಳ ಬಿಲ್ಲು ಪಕ್ಕದಲ್ಲಿಟ್ಟುಕೊಂಡು ಯೂನಿಟ್ ಲೆಕ್ಕ ಹಾಕುವರು. ಆಮೇಲೆ ಮಗನ ಕಡೆ ತಿರುಗಿ, "ಬಚ್ಚಲುಮನೆ ದೀಪ ಆರಿಸೋಕೆ ಏನೋ ದಾಡಿ ನಿಂಗೆ? ಕೆ.ಇ.ಬಿ.ಯವರೇನು ನಿನ್ನ ಮಾವನಾ? ನಾವೆಲ್ಲ ಬೀದಿದೀಪದಲ್ಲಿ ಓದಿದೋರು" ಎನ್ನುವರು. ಆ ಮಗನೇ ಈಗ ಈ ಪ್ರಬಂಧ ಬರೆಯಲು ಕೂತಿದ್ದಾನೆ. ಬಚ್ಚಲುಮನೆ ದೀಪ ಈಗಲೂ ಉರಿಯುತ್ತಿದ್ದರೆ ಆಶ್ಚರ್ಯವಿಲ್ಲ.

ಅಪ್ಪನ ಆ ಮಾತು ಅವನಿಗೆ ಮತ್ತೆ ನೆನಪಾದದ್ದು ಒಂದು ಫೋನಿನ ದೆಸೆಯಿಂದ. ಹೆಸರು ಬೇಡ ಬಿಡಿ. ಬಸ್ಸಿನಲ್ಲಿ ಅರ್ಧ ಗಂಟೆ ಕ್ರಿಕೆಟ್ ನೋಡಿದರೆ ಸಾಕು, ಅದು ಆಗಷ್ಟೇ ಕಾವಲಿಯಿಂದ ಇಳಿಸಿದ ಅಕ್ಕಿರೊಟ್ಟಿಯಾಗುತ್ತಿತ್ತು. ಸಂಜೆ ನಾಲ್ಕಕ್ಕೆ ಬ್ಯಾಟರಿ ಖಾಲಿ. ಚಿಕ್ಕಪ್ಪನ ಹಳೆಯ ನೋಕಿಯಾ 6110 ಮೂರು ದಿನ ಚಾರ್ಜರ್ ಮುಖ ನೋಡದೆ ಹಾವಿನ ಆಟ ಆಡಿಸುತ್ತಿತ್ತಲ್ಲ, ಅದರ ಗುಟ್ಟೇನು ಎಂದು ಕೆದಕುತ್ತ ಹೋದವನು ಇಂಗ್ಲೆಂಡಿನ ಕೇಂಬ್ರಿಜ್ ತಲುಪಿದ.

ಅಲ್ಲಿ ಏಕಾರ್ನ್ ಎಂಬ ಸಣ್ಣ ಕಂಪ್ಯೂಟರ್ ಕಂಪನಿ. 1983ರಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಸ್ವಂತ ಪ್ರೊಸೆಸರ್ ಮಾಡಲು ಹೊರಟರು. ಕರೆಂಟ್ ಉಳಿಸುವ ವ್ರತವೇನೂ ಅವರದಾಗಿರಲಿಲ್ಲ, ಕಾಸು ಉಳಿಸಬೇಕಿತ್ತು. ಚಿಪ್ ಕಾದರೆ ದುಬಾರಿ ಸೆರಾಮಿಕ್ ಹೊದಿಕೆ ಬೇಕು, ಒಂದು ವಾಟ್‌ನೊಳಗೆ ಇದ್ದರೆ ಅಗ್ಗದ ಪ್ಲಾಸ್ಟಿಕ್ ನಡೆಯುತ್ತದೆ. ಎಷ್ಟು ತಿನ್ನುತ್ತದೆಂದು ಮೊದಲೇ ಅಳೆಯುವ ಉಪಕರಣ ಸರಿಯಾಗಿಲ್ಲದೆ, ಹೆದರಿ ಹೆದರಿ ಎಲ್ಲ ಕಡೆಯೂ ಬಿಗಿಹಿಡಿದರು. 1985ರಲ್ಲಿ ಬಂದ ಇಂಟೆಲ್‌ನ 386ರಲ್ಲಿ 2,75,000 ಟ್ರಾನ್ಸಿಸ್ಟರ್‌ಗಳಿದ್ದರೆ, ಇವರ ಚಿಪ್‌ನಲ್ಲಿ ಬರೀ 25,000.

1985ರ ಏಪ್ರಿಲ್ 26ರಂದು ಮೊದಲ ಚಿಪ್‌ಗಳು ಕೈಗೆ ಬಂದವು. ಚಿಪ್ ಓಡಿತು. ಎಷ್ಟು ಕರೆಂಟ್ ಎಳೆಯುತ್ತದೆ ನೋಡೋಣವೆಂದು ಫರ್ಬರ್ ಮೀಟರ್ ಹಚ್ಚಿದರೆ, ಸೊನ್ನೆ! ಹುಡುಕಿದಾಗ ಗೊತ್ತಾಯಿತು: ಬೋರ್ಡಿನ ದೋಷದಿಂದ ಚಿಪ್‌ಗೆ ಕರೆಂಟಿನ ಸಂಪರ್ಕವೇ ಆಗಿರಲಿಲ್ಲ. ಸುತ್ತಲಿನ ಸಿಗ್ನಲ್ ತಂತಿಗಳಿಂದ ಸೋರಿ ಬಂದಷ್ಟರಲ್ಲೇ ಅದು ಲೆಕ್ಕ ಮಾಡುತ್ತ ಕೂತಿತ್ತು. ಬೀದಿದೀಪದಲ್ಲಿ ಓದಿದ್ದು ಅಪ್ಪ ಒಬ್ಬರೇ ಅಲ್ಲ.

1990ರಲ್ಲಿ ಏಕಾರ್ನ್, ಆಪಲ್ ಮತ್ತು ವಿ.ಎಲ್.ಎಸ್.ಐ. ಸೇರಿ ಆರ್ಮ್ ಕಂಪನಿ ಕಟ್ಟಿದವು. ಎಂಜಿನಿಯರುಗಳು ಹನ್ನೆರಡು ಜನ. ಚಿಪ್ ಮಾಡದೆ, ಅದರ ನಕ್ಷೆಯನ್ನಷ್ಟೇ ಮಾರುವ ವ್ಯಾಪಾರ. ಚಿಕ್ಕಪ್ಪನ ನೋಕಿಯಾದೊಳಗೆ ಇದ್ದದ್ದು ಆ ನಕ್ಷೆಯೇ.

ಇಂಟೆಲ್ ಕಣ್ಣುಮುಚ್ಚಿ ಕೂತಿರಲಿಲ್ಲ. ಆರ್ಮ್ ಜಾತಿಯ ಎಕ್ಸ್‌ಸ್ಕೇಲ್ ಚಿಪ್ ಅದರ ಕೈಯಲ್ಲೇ ಇತ್ತು. 2006ರಲ್ಲಿ ಆ ವ್ಯವಹಾರವನ್ನು 60 ಕೋಟಿ ಡಾಲರ್‌ಗೆ ಮಾರ್ವೆಲ್‌ಗೆ ಮಾರಿತು. ಮರುವರ್ಷವೇ ಐಫೋನ್ ಬಂತು, ಆರ್ಮ್ ಹೊತ್ತುಕೊಂಡು. ಬೆಲೆ ಗಿಟ್ಟದೆಂದು ಐಫೋನಿನ ಕೆಲಸ ಬಿಟ್ಟುಕೊಟ್ಟೆವೆಂದು ಆಗಿನ ಮುಖ್ಯಸ್ಥ ಪಾಲ್ ಒಟೆಲಿನಿ 2013ರಲ್ಲಿ ಒಪ್ಪಿಕೊಂಡರು. ಕೊಟ್ಟಿಗೆಯ ಹಸು ಮಾರಿ ಹಾಲಿಗೆ ಪಾತ್ರೆ ಹಿಡಿದು ಹೊರಟಂತೆ, ಇಂಟೆಲ್ ಆಟಮ್ ಚಿಪ್ ಹಿಡಿದು ಮತ್ತೆ ಫೋನ್ ಬಾಗಿಲಿಗೆ ಬಂತು. ಅದರ ಮೆಡ್‌ಫೀಲ್ಡ್ ಚಿಪ್ ಹೊತ್ತ ಜಗತ್ತಿನ ಮೊದಲ ಫೋನು 2012ರ ಏಪ್ರಿಲ್‌ನಲ್ಲಿ ಮಾರಾಟಕ್ಕೆ ಇಳಿದದ್ದು ಭಾರತದಲ್ಲಿ: ಲಾವಾದ ಜೋಲೋ ಎಕ್ಸ್900, ಬೆಲೆ ಸುಮಾರು 22,000 ರೂಪಾಯಿ.

ಬೆಂಗಳೂರಿನ ಆಫೀಸಿನಲ್ಲಿ ಗೆಳೆಯನೊಬ್ಬ ಅದನ್ನು ತಂದ. ಕ್ಯಾಂಟೀನ್ ಮೇಜಿನ ಮೇಲೆ ಅದನ್ನೂ ಆರ್ಮ್‌ನ ಒಂದು ಫೋನನ್ನೂ ಅಕ್ಕಪಕ್ಕ ಇಟ್ಟು ಒಂದೇ ಸಿನಿಮಾ ಓಡಿಸಿದರು. ಹೆಚ್ಚು ಕಡಿಮೆ ಒಟ್ಟಿಗೇ ಎರಡೂ ಆರಿದವು. ಇಂಟೆಲ್ ಅಂದರೆ ಹಸಿದ ರಾಕ್ಷಸ ಎಂಬ ಮಾತು ಪೂರ್ತಿ ನ್ಯಾಯದ್ದಲ್ಲ ಎಂದು ಈ ಲೇಖಕನಿಗೆ ಅನ್ನಿಸಿದ್ದು ಆವತ್ತೇ. ತಡವಾಗಿ ಬಂದದ್ದೇ ಅದರ ದೊಡ್ಡ ಕಷ್ಟ: ಅಷ್ಟರಲ್ಲಿ ಎಷ್ಟೋ ಆಟಗಳು, ಆ್ಯಪ್‌ಗಳು ಆರ್ಮ್ ಭಾಷೆ ಕಲಿತುಬಿಟ್ಟಿದ್ದವು, ಅವುಗಳಿಗೆ ದುಭಾಷಿ ಇಟ್ಟು ಓಡಿಸಬೇಕಿತ್ತು. 2016ರಲ್ಲಿ ಇಂಟೆಲ್ ಫೋನಿನ ಆಟಮ್ ಯೋಜನೆಗಳನ್ನು ಕೈಬಿಟ್ಟಿತು.

ಈ ನಡುವೆ ಆರ್ಮ್ ಜಾತಿಯ ಚಿಪ್‌ಗಳೂ ವೇಗದ ಹುಚ್ಚಿಗೆ ಬಿದ್ದಿದ್ದವು. ಚಿಪ್‌ನ ವೇಗ ಏರಿಸಲು ವೋಲ್ಟೇಜ್ ಏರಿಸಬೇಕು. ವೋಲ್ಟೇಜ್ ಏರಿದರೆ ಖರ್ಚು ಅದರ ವರ್ಗದಂತೆ ಏರುತ್ತದೆ. ಜೇಬಿನ ಅಕ್ಕಿರೊಟ್ಟಿಯ ಮೂಲ ಅದು. ಇದಕ್ಕೆ 2011ರಲ್ಲಿ ಆರ್ಮ್ ಕಂಡುಕೊಂಡ ಉಪಾಯ ಯಾವ ಅಜ್ಜಿಗೂ ಹೊಸದಲ್ಲ. ಮದುವೆ ಅಡುಗೆಗೆ ಕೋಡೊಲೆ, ಒಂದು ಲೋಟ ಕಾಫಿಗೆ ಇದ್ದಿಲ ಅಗ್ಗಿಷ್ಟಿಕೆ. ಒಂದೇ ಚಿಪ್‌ನಲ್ಲಿ ದೊಡ್ಡ ಕೋರ್‌ಗಳು, ಸಣ್ಣ ಕೋರ್‌ಗಳು. ಮೆಸೇಜ್ ಬಂದರೆ ಸಣ್ಣದು ಏಳುತ್ತದೆ, ಆಟಕ್ಕೆ ಮಾತ್ರ ದೊಡ್ಡದು. ಕೆಲಸವಿಲ್ಲದವು ನಿದ್ದೆಗೆ.

ಅಪ್ಪನ ಈಗಿನ ಫೋನಿನಲ್ಲಿ ಅಂಥ ಎಂಟು ಕೋರ್‌ಗಳಿವೆ. ಮಗ ಕಳೆದ ಸಲ ಊರಿಗೆ ಹೋದಾಗ ಇದನ್ನೆಲ್ಲ ವಿವರಿಸಿದ: ನೀವು ಆರಿಸಬೇಕಿಲ್ಲ ಅಪ್ಪ, ಕೆಲಸ ಮುಗಿದ ತಕ್ಷಣ ಅದೇ ಒಳಗಿನ ದೀಪಗಳನ್ನೆಲ್ಲ ಆರಿಸಿಕೊಳ್ಳುತ್ತದೆ. ಅಪ್ಪ ಗಮನವಿಟ್ಟು ಕೇಳಿದರು. "ನಿನಗಿಂತ ವಾಸಿ" ಎಂದು, ಎಂದಿನಂತೆ ಒಂಬತ್ತೂವರೆಗೆ ಫೋನ್ ಸ್ವಿಚ್ ಆಫ್ ಮಾಡಿ, ಚಾರ್ಜರನ್ನೂ ಪ್ಲಗ್‌ನಿಂದ ಕಿತ್ತು, ಬಚ್ಚಲುಮನೆ ಕಡೆಗೊಮ್ಮೆ ಇಣುಕಿ ಮಲಗಲು ಹೋದರು.