ಎಂಟಾಣೆ ಬಾಡಿಗೆ

ನಮ್ಮ ತೀರ್ಥಹಳ್ಳಿ ಕಡೆ ರಾತ್ರಿ ಅಡಿಕೆ ಸುಲಿಯುವಾಗ ಕತೆ ಬೇಕೇ ಬೇಕು. ಇಲ್ಲದಿದ್ದರೆ ತೂಕಡಿಕೆ ಬಂದು ಬೆರಳಿಗೆ ಕತ್ತಿ ತಾಗುತ್ತದೆ. ಆಚೆ ಹಂಡೆಯಲ್ಲಿ ಅಡಿಕೆ ಬೇಯುತ್ತಿದ್ದರೆ ಈಚೆ ಎಲ್ಲರೂ ನನ್ನ ಬಾಯಿಂದ ಹೊರಡಿಸುವುದು ಅಜ್ಜಿಯ ಕತೆಯನ್ನೇ.

ಅಜ್ಜಿಗೆ ಮರೆವು ಶುರುವಾದಾಗ ಊರವರು "ಅರಳುಮರಳು, ವಯಸ್ಸಾಯ್ತಲ್ಲ" ಎಂದು ಕೈತೊಳೆದುಕೊಂಡರು. ಸಾರಿಗೆ ಎರಡು ಸಲ ಉಪ್ಪು ಬೀಳುವುದು ಯಾರ ಮನೆಯಲ್ಲಿಲ್ಲ? ಆದರೆ ಹಾಲು ಕಾಯಿಸುವುದು ಹೇಗೆಂದು ತಿಳಿಯದೆ ಅವರು ಒಲೆಯ ಮುಂದೆ ನಿಂತುಬಿಟ್ಟ ದಿನ ಚಿಕ್ಕಮ್ಮ ಹಟ ಹಿಡಿದು ಡಾಕ್ಟರ ಹತ್ತಿರ ಕರೆದೊಯ್ದರು. ಆಲ್ಝೈಮರ್ ಎಂದಾಯಿತು. ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಮೊದಮೊದಲೇ ಸೊರಗುವುದರಿಂದ ಬೆಳಗಿನ ತಿಂಡಿ ಮರೆತುಹೋಗುತ್ತದೆ, ಬಾಲ್ಯದ ತವರು ಉಳಿದಿರುತ್ತದೆ. ಮಾತ್ರೆಯಿಂದ ಪೂರ್ತಿ ವಾಸಿಯಾಗುವುದಲ್ಲ ಎಂದರು ಡಾಕ್ಟರು. 1906ರಲ್ಲಿ ಆಲೋಯ್ಸ್ ಆಲ್ಝೈಮರ್ ಎಂಬ ಜರ್ಮನ್ ವೈದ್ಯ ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು ಒಬ್ಬ ಹೆಂಗಸಿನ ವಿಷಯದಲ್ಲಿ. ಆಸ್ಪತ್ರೆ ಸೇರಿದಾಗ ಆಕೆಗೆ ಬರೀ 51 ವರ್ಷ. ಅದನ್ನು ಕೇಳಿದ ಮೇಲೆ ಅರಳುಮರಳಿನ ಮಾತು ನಮ್ಮ ಮನೆಯಲ್ಲಿ ನಿಂತಿತು.

ಕಷ್ಟವಿದ್ದದ್ದು ಮುಸ್ಸಂಜೆಯಲ್ಲಿ. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಚಡಪಡಿಸತೊಡಗುತ್ತಿದ್ದರು. ಎರಡು ಸೀರೆ ಗಂಟು ಕಟ್ಟಿಕೊಂಡು "ನಾನು ಮನೆಗೆ ಹೋಗ್ತೀನಿ, ಅಪ್ಪಯ್ಯ ಕಾಯ್ತಿರ್ತಾರೆ" ಎಂದು ಹೊರಡುತ್ತಿದ್ದರು. ಚಿಕ್ಕಪ್ಪನೋ ಸತ್ಯಹರಿಶ್ಚಂದ್ರನ ಮೊಮ್ಮಗ. "ಅಮ್ಮಾ, ಇದೇ ನಿನ್ನ ಮನೆ. ಅಪ್ಪಯ್ಯ ಹೋಗಿ ಯಾವ ಕಾಲ ಆಯ್ತು!" ಅಜ್ಜಿಗೆ ಅದು ಆಗಷ್ಟೇ ಬಂದ ಸುದ್ದಿ. ಎದೆ ಬಡಿದುಕೊಂಡು ಅಳುವರು. ಮರುದಿನ ಮತ್ತೆ ಅದೇ ಗಂಟು, ಅದೇ ಸಾವು.

ಒಂದು ಸಂಜೆ ಚಿಕ್ಕಮ್ಮ ಗಂಡನನ್ನು ಬದಿಗೆ ಸರಿಸಿ ಟಾರ್ಚ್ ಎತ್ತಿಕೊಂಡರು. "ನಡೀರಿ ಅತ್ತೆ, ನಾನೂ ಬರ್ತೀನಿ. ಕತ್ತಲಾಗ್ತಾ ಬಂತು."

ಅಂಗಳ ದಾಟಿ, ದಣಪೆ ತೆಗೆದು, ಕೆರೆ ಏರಿಯ ಮೇಲೆ ಇಬ್ಬರೂ ಹೊರಟರು. ಹಿಂದೆ ನಾನು.

"ನಿಮ್ಮ ಅಪ್ಪಯ್ಯ ಸಿಟ್ಟಿನವರಾ ಅತ್ತೆ?"

"ಸಿಟ್ಟಾ? ಪೇಟೆಗೆ ಹೋದ್ರೆ ನಂಗೊಬ್ಬಳಿಗೇ ಗುಟ್ಟಲ್ಲಿ ಬೆಲ್ಲ ತರ್ತಿದ್ರು."

ಬೆಲ್ಲದಿಂದ ಹಟ್ಟಿಯ ಕಪ್ಪು ಹಸುವಿಗೆ, ಹಸುವಿನಿಂದ ಹೊಳೆಗೆ ಮಾತು ಹರಿಯಿತು. ಅಜ್ಜಿ ಅಷ್ಟು ಮಾತಾಡಿದ್ದನ್ನು ನಾನು ಕೇಳಿ ಬಹಳ ಕಾಲವಾಗಿತ್ತು. ತೋಟ ಸುತ್ತಿ ಕೊಟ್ಟಿಗೆಯ ಕಡೆಯಿಂದ ಬಂದಾಗ ನಮ್ಮದೇ ಜಗಲಿಯ ದೀಪ.

"ಬಂದ್ವಲ್ಲ ಅತ್ತೆ."

"ಬಂತು ಮಾರಾಯ್ತಿ. ಪಾಪ, ಇಷ್ಟು ದೂರ ನಡೆದೆ. ಕೈಕಾಲು ತೊಳ್ಕೋ, ಊಟ ಮಾಡ್ಕೊಂಡೇ ಹೋಗು."

ಆ ರಾತ್ರಿ ಅಜ್ಜಿ ನಿದ್ದೆ ಮಾಡಿದರು. "ಸುಳ್ಳು ಹೇಳಿದ ಹಾಗಾಗಲಿಲ್ಲವೇನೇ?" ಎಂದು ಚಿಕ್ಕಪ್ಪ. "ಹೋಗೋಣ ಅಂದೆ, ಹೋಗಿ ಬಂದ್ವಿ. ಸುಳ್ಳೆಲ್ಲಿ ಬಂತು?" ಎಂದು ಚಿಕ್ಕಮ್ಮ. ಬಂಧುಬಳಗದಲ್ಲಿ ಸಲಹೆ ಕೊಡುವವರಿಗೆ ಬರವಿರಲಿಲ್ಲ. ನಡುರಾತ್ರಿ ಎದ್ದು ಅಜ್ಜಿಯ ಸೀರೆ ಬದಲಾಯಿಸುವವರು ಚಿಕ್ಕಮ್ಮ ಒಬ್ಬರೇ. 2016ರಲ್ಲಿ ಬಂದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತನಾಗ್ ಕಾಣೆಯಾಗುವುದನ್ನು ನೋಡಿ ಬಂದವರೇ ಅಜ್ಜಿಯ ರವಿಕೆಗಳ ಒಳಮಗ್ಗುಲಿಗೆಲ್ಲ ಫೋನ್ ನಂಬರ್ ಬರೆದ ಬಟ್ಟೆಯ ಚೂರು ಹೊಲಿದಿದ್ದರು. ಅದಕ್ಕೇ ಅಂದು ಖಡಕ್ಕಾಗಿ ಹೇಳಿದರು: "ಇನ್ನು ದಿನ ಬಿಟ್ಟು ದಿನ ನೀವು ಕರ್ಕೊಂಡು ಹೋಗಿ."

ಚಿಕ್ಕಪ್ಪನ ಸರದಿ ಬಂತು. ಅಜ್ಜಿ ಟಾರ್ಚ್ ಬೆಳಕಲ್ಲಿ ಮಗನ ಮುಖ ನೋಡಿ, "ನೀನ್ಯಾರಪ್ಪ?" ಎಂದರು. ಹರಿಶ್ಚಂದ್ರನ ಮೊಮ್ಮಗನ ಗಂಟಲು ಕಟ್ಟಿತು. ಕೆಮ್ಮಿ, "ಗಾಡಿಯವನು, ಅಮ್ಮಾ" ಎಂದರು.

"ಬಾಡಿಗೆ ಎಷ್ಟು?"

"ಎರಡು ರೂಪಾಯಿ."

"ಹಗಲು ದರೋಡೆ! ಎಂಟಾಣೆ ಕೊಡ್ತೀನಿ."

ಚೌಕಾಸಿ ಕೆರೆ ಏರಿಯವರೆಗೂ ನಡೆದು ಎಂಟಾಣೆಗೇ ನಿಂತಿತು. ಮನೆ ಮುಟ್ಟಿದ ಮೇಲೆ ಅಜ್ಜಿ ಚಿಕ್ಕಮ್ಮನನ್ನು ಕರೆದು "ಇವನ ಬಾಡಿಗೆ ಕೊಟ್ಟು ಕಳಿಸು" ಎಂದರು. ಆ ಎಂಟಾಣೆ ಇವತ್ತಿಗೂ ಕೈಗೆ ಬಂದಿಲ್ಲವೆಂದು ಚಿಕ್ಕಪ್ಪನ ತಕರಾರು. ದುಡ್ಡು ಬೇಕಿದ್ದರೆ ಗಾಡಿ ತೋರಿಸಲಿ ಅನ್ನುತ್ತಾರೆ ಚಿಕ್ಕಮ್ಮ.