ಗಂಧದ ಋಣ, ಗಾನದ ಋಣ

ಶ್ರೀಗಂಧದ ಪರಿಮಳವನ್ನೂ ಕೋಗಿಲೆಯ ಇಂಚರವನ್ನೂ ಕೊಂಡಾಡದ ಕವಿಗಳು ವಿರಳ. ಆದರೆ ಎರಡೂ ಪರರ ಆಸರೆಯಲ್ಲಿ ಬೆಳೆದವು.

ಗಂಧದ ಸಸಿಯು ನೆಲದೊಳಗೆ ನೆರೆಗಿಡದ ಬೇರಿಗೆ ತನ್ನ ಹೀರುಬೇರನ್ನು ತಗುಲಿಸಿ, ನೀರನ್ನೂ ಲವಣಗಳನ್ನೂ ಸೆಳೆದುಕೊಳ್ಳುತ್ತದೆ. ಆದುದರಿಂದಲೇ ಬಲ್ಲ ರೈತನು ಅದರ ಪಕ್ಕದಲ್ಲಿ ತೊಗರಿಯನ್ನು ಬಿತ್ತುತ್ತಾನೆ. ಹೆಣ್ಣು ಕೋಗಿಲೆಯಾದರೋ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ಗುಟುಕಿಕ್ಕಿ ಸಾಕುವ ಶ್ರಮವೆಲ್ಲ ಕಾಗೆಯದು.

ಆದರೂ ಎರಡರ ಸಾಲವೂ ಸಮವಲ್ಲ. ಗಂಧಕ್ಕೆ ಹಸಿರೆಲೆಗಳುಂಟು, ಬಿಸಿಲಿನ ಬಲದಿಂದ ತನ್ನ ಅನ್ನವನ್ನು ಬಹುಮಟ್ಟಿಗೆ ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಕೋಗಿಲೆಯ ಮರಿಯು ಕಾಗೆಮರಿಗಳ ಪಾಲಿನ ತುತ್ತನ್ನೇ ಉಣ್ಣುತ್ತದೆ.

ಹಾಗೆಂದು ಕೋಗಿಲೆಯನ್ನು ಹಳಿಯುವಂತಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನನು ರಾಜವೃಕ್ಷವೆಂದು ಸಾರಿದ ಈ ಗಂಧದ ಕಪ್ಪು ಹಣ್ಣನ್ನು ತಿಂದು, ಬೀಜವನ್ನು ದೂರದ ಪೊದೆಗಳಲ್ಲಿ ಉದುರಿಸುವ ಹಕ್ಕಿಗಳಲ್ಲಿ ಅದೂ ಒಂದು. ಪೊದೆಯಲ್ಲಿ ಬಿದ್ದ ಬೀಜಕ್ಕೆ ಆಸರೆಯ ಬೇರು ಹತ್ತಿರದಲ್ಲೇ ದೊರೆಯುತ್ತದೆ. ಕಳ್ಳರ ಕೊಡಲಿಯಿಂದ ಗಂಧದ ಮರಗಳು ವಿರಳವಾದ ಕಾಡಿನಲ್ಲಿ ಈ ಬಿತ್ತನೆ ಅಲ್ಪಸೇವೆಯಲ್ಲ.

ಹೀಗೆ ಕಾಗೆಯಿಂದ ಪಡೆದ ಸಾಲವನ್ನು ಕೋಗಿಲೆಯು ಕಾಡಿಗೆ ತೀರಿಸುತ್ತದೆ. ಪರಿಮಳಕ್ಕೂ ಇಂಚರಕ್ಕೂ ಕೀರ್ತಿ ಬಂದಿತು. ಸಾಕಿದ ಕಾಗೆಗೆ ಸಲ್ಲುವುದು ಶ್ರಾದ್ಧದ ದಿನದ ಒಂದು ಪಿಂಡ. ನೀರೆರೆದ ತೊಗರಿಗೆ ಅದೂ ಇಲ್ಲ.